ಹಳೆಯ ಲ್ಯೂಗರ್ ಪಿಸ್ತೂಲು ಕೈಗೆ ಬಂದರೆ: ಗುರುತು ಹಿಡಿಯುವುದು ಹೇಗೆ, ಬೆಲೆ ತಿಳಿಯುವುದು ಹೇಗೆ?

ನಾವು ಇರುವುದು ಅಮೆರಿಕದ ಒಹಾಯೋದಲ್ಲಿ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಹೋದ ವರ್ಷ ನೆಲಮಾಳಿಗೆ ಖಾಲಿ ಮಾಡಿಸುವಾಗ ಅವರಿಗೆ ಒಂದು ಬೂಟಿನ ಡಬ್ಬ ಸಿಕ್ಕಿತು. ಒಳಗೆ ಒಂದು ಪಿಸ್ತೂಲು, ಅದನ್ನಿಡುವ ಕಪ್ಪು ಚರ್ಮದ ಚೀಲ, ಅಂದರೆ ಹೋಲ್ಸ್ಟರ್. ಅವರ ಮಾವ 1945ರಲ್ಲಿ ಜರ್ಮನಿಯಿಂದ ತಂದದ್ದಂತೆ. ಒಂದು ಅಂಗಡಿಗೆ ತೋರಿಸಿದರು. ಅಂಗಡಿಯವರು ಐದು ನಿಮಿಷ ತಿರುಗಿಸಿ ನೋಡಿ, 700 ಡಾಲರ್ ಕೊಡುತ್ತೇವೆ, ಹೋಲ್ಸ್ಟರ್ ಬೇಡ, ಅದನ್ನು ನೀವೇ ಇಟ್ಟುಕೊಳ್ಳಿ ಅಂದರಂತೆ. ಅಜ್ಜಿ ಒಪ್ಪುವುದರಲ್ಲಿದ್ದರು. ಪುಣ್ಯಕ್ಕೆ ಅದಕ್ಕೆ ಮೊದಲು ನನ್ನನ್ನು ಕೇಳಿದರು.

ನನಗೆ ಲ್ಯೂಗರ್ ಥರದ ಈ ಹಳೆಯ ಜರ್ಮನ್ ಪಿಸ್ತೂಲುಗಳ ಹುಚ್ಚು ಹತ್ತಿ ಹನ್ನೆರಡು ವರ್ಷ ಆಯಿತು. ಇಷ್ಟು ದಿನದಲ್ಲಿ ಕಲಿತದ್ದನ್ನೆಲ್ಲ ಒಂದು ಕಡೆ ಬರೆದಿಡೋಣ ಅಂತ ಇದನ್ನು ಬರೆಯುತ್ತಿದ್ದೇನೆ. ಬೇರೇನು ಮರೆತರೂ ಒಂದು ಮಾತು ನೆನಪಿಡಿ: ಉಜ್ಜಬೇಡಿ, ಬೇರೆ ಮಾಡಬೇಡಿ. ಪಿಸ್ತೂಲು, ಗುಂಡು ತುಂಬುವ ಮ್ಯಾಗಜೀನ್, ಹೋಲ್ಸ್ಟರ್, ಅದರೊಳಗಿನ ಚಿಕ್ಕ ಸ್ಕ್ರೂಡ್ರೈವರ್, ಡಬ್ಬದ ತಳದಲ್ಲಿರುವ ಮಡಚಿದ ಕಾಗದ, ಇವೆಲ್ಲ ಒಂದೇ ಸಂಸಾರ. ಬಿಡಿ ಮಾಡಿದರೆ ಮತ್ತೆ ಕೂಡಿಸಲು ಆಗುವುದಿಲ್ಲ.

ಮೊದಲು ಗುಂಡು ಇದೆಯಾ ನೋಡಿ

ಎಂಬತ್ತು ವರ್ಷದಿಂದ ಡಬ್ಬದಲ್ಲಿದೆ, ಖಾಲಿಯೇ ಇರುತ್ತದೆ ಅಂದುಕೊಳ್ಳಬೇಡಿ. ಹಳೆಯ ಗುಂಡು ಇನ್ನೂ ಸಿಡಿಯುತ್ತದೆ. ಕೈಯಲ್ಲಿ ಹಿಡಿದಾಗ ನಳಿಕೆ ಯಾರೂ ಇಲ್ಲದ ಕಡೆಗಿರಲಿ, ಬೆರಳು ಟ್ರಿಗರ್ ಹತ್ತಿರ ಹೋಗದಿರಲಿ. ಟ್ರಿಗರ್ ಹಿಂದೆ ಎಡಗಡೆ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಮ್ಯಾಗಜೀನ್ ಕೆಳಗೆ ಜಾರುತ್ತದೆ. ಆಮೇಲೆ ಮೇಲಿರುವ ಎರಡು ದುಂಡನೆಯ ಹಿಡಿಗಳನ್ನು ಹಿಡಿದು ಹಿಂದಕ್ಕೂ ಮೇಲಕ್ಕೂ ಎಳೆಯಿರಿ, ನಳಿಕೆಯ ಬುಡದೊಳಗೆ ಕಣ್ಣಿಟ್ಟು ನೋಡಿ. ಗುಂಡು ಒಳಗಿದ್ದರೆ ಮೇಲಿನ ಉದ್ದನೆಯ ತುಂಡು ಸ್ವಲ್ಪ ಎದ್ದಿರುತ್ತದೆ, ಅದರ ಎಡಪಕ್ಕದಲ್ಲಿ ‘ಗೆಲಾಡೆನ್’ ಎಂಬ ಜರ್ಮನ್ ಪದ ಕಾಣುತ್ತದೆ. ತುಂಬಿದೆ ಎಂದು ಅದರ ಅರ್ಥ. ಆದರೆ ಆ ಪದವನ್ನೇ ನಂಬಿ ಕೂರಬೇಡಿ, ಕಣ್ಣಿನಿಂದ ನೋಡಿಯೇ ತೀರಬೇಕು.

ಈ ಪಿಸ್ತೂಲಿನಲ್ಲಿ ಇನ್ನೊಂದು ಅಪಾಯ ಇದೆ. ಗುಂಡು ಹಾರಿಸುವ ಕೊಂಡಿ ಮೇಲಿನ ಭಾಗದಲ್ಲೇ ಇರುವುದರಿಂದ, ಬಿಚ್ಚಿ ಕೆಳಗಿನ ಚೌಕಟ್ಟಿನಿಂದ ಬೇರೆ ಮಾಡಿದ ಮೇಲೂ, ಒಳಗೆ ಗುಂಡಿದ್ದರೆ, ಆ ಕೊಂಡಿಯ ಮೇಲೆ ಬೆರಳು ಬಿದ್ದರೆ ಅದು ಹಾರಬಹುದು. ಹಾಗಾಗಿ ಖಾಲಿ ಅಂತ ಖಾತ್ರಿ ಆಗುವವರೆಗೆ ಬಿಚ್ಚುವ ಮಾತೇ ಬೇಡ. ಕೈ ನಡುಗಿದರೆ, ಸಂಶಯ ಬಂದರೆ, ಬಂದೂಕು ರಿಪೇರಿ ಗೊತ್ತಿರುವವರನ್ನು ಮನೆಗೆ ಕರೆಸಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಇದು ನಿಜವಾಗಿ ಲ್ಯೂಗರ್ ಹೌದಾ?

ಮಹಾಯುದ್ಧಗಳಿಂದ ಬಂದ ಜರ್ಮನ್ ಪಿಸ್ತೂಲನ್ನೆಲ್ಲ ಜನ ಲ್ಯೂಗರ್ ಅಂತಲೇ ಕರೆಯುತ್ತಾರೆ. ಆದರೆ ಡಬ್ಬದಲ್ಲಿರುವುದು ಪಿ38, ಅಂದರೆ ಲ್ಯೂಗರ್ ನಂತರ ಬಂದ ಜರ್ಮನ್ ಸೈನ್ಯದ ಇನ್ನೊಂದು ಪಿಸ್ತೂಲು ಕೂಡ ಆಗಿರಬಹುದು. ವ್ಯತ್ಯಾಸ ಸುಲಭ. ಪಿ38ರಲ್ಲಿ ಮೇಲಿನ ಭಾಗ ಪೂರ್ತಿ ಹಿಂದಕ್ಕೆ ಜಾರುತ್ತದೆ, ಹಿಂದೆ ಸುತ್ತಿಗೆ ಕಾಣುತ್ತದೆ. ಲ್ಯೂಗರ್‌ನಲ್ಲಿ ಜಾರುವ ಭಾಗ ಇಲ್ಲ. ನಮ್ಮ ಮೊಣಕಾಲು ಮಡಚುವ ಹಾಗೆ ಮೇಲಿನ ಕೀಲು ಮಡಚಿ ಎದ್ದು ನಿಲ್ಲುತ್ತದೆ. ಹಿಡಿ ಓರೆ, ನಳಿಕೆ ತೆಳ್ಳಗೆ. ಒಮ್ಮೆ ನೋಡಿದರೆ ಸಾಕು, ಮತ್ತೆ ಮರೆಯುವುದಿಲ್ಲ. ಎರ್ಮಾ ಎಂಬ ಕಂಪನಿ ಎರಡನೆಯ ಮಹಾಯುದ್ಧದ ನಂತರ ಇದೇ ಆಕಾರದ, ಸಣ್ಣ .22 ಗುಂಡಿನ ಪಿಸ್ತೂಲುಗಳನ್ನು ಮಾಡಿತು. ಮೌಸರ್ ಕಂಪನಿ ಕೂಡ 1970ರ ದಶಕದಲ್ಲಿ ಹೊಸದಾಗಿ ಲ್ಯೂಗರ್ ಮಾಡಿ ಮಾರಿತು. ಅವುಗಳದ್ದು ಬೇರೆ ಲೆಕ್ಕ.

ಸ್ವಲ್ಪ ಹಿನ್ನೆಲೆ ಹೇಳಬೇಕು, ಇಲ್ಲದಿದ್ದರೆ ಮುದ್ರೆಗಳು ಅರ್ಥ ಆಗುವುದಿಲ್ಲ. ಹ್ಯೂಗೋ ಬೋರ್ಖಾರ್ಟ್ ಎಂಬವರು 1893ರಲ್ಲಿ ಮಾಡಿದ್ದ ಭಾರೀ ಪಿಸ್ತೂಲನ್ನು ಗೆಯೋರ್ಗ್ ಲ್ಯೂಗರ್ ತಿದ್ದಿ ಚಿಕ್ಕದು ಮಾಡಿದರು. 1900ರಲ್ಲಿ ಮೊದಲು ಕೊಂಡದ್ದು ಸ್ವಿಸ್ ಸೈನ್ಯ, ಅದೂ 7.65 ಮಿ.ಮೀ. ಗುಂಡಿನದು. ಜರ್ಮನ್ ನೌಕಾಪಡೆ 1904ರಲ್ಲಿ 9 ಮಿ.ಮೀ. ಆವೃತ್ತಿ ತೆಗೆದುಕೊಂಡಿತು, ಭೂಸೇನೆ 1908ರಲ್ಲಿ. ಪಿ08 ಎಂಬ ಹೆಸರು ಬಂದದ್ದು ಆ ವರ್ಷದಿಂದಲೇ.

ಈಗ ನಳಿಕೆಯ ಉದ್ದ ಅಳೆಯಿರಿ. 100 ಮಿ.ಮೀ. ಇದ್ದರೆ ಸಾಮಾನ್ಯ ಪಿ08. 150 ಮಿ.ಮೀ. ಇದ್ದರೆ ನೌಕಾಪಡೆಯದು. 200 ಮಿ.ಮೀ. ಇದ್ದು ಮೇಲೆ 800 ಮೀಟರ್‌ವರೆಗೆ ಗುರಿಯ ಅಳತೆ ಇದ್ದರೆ ಫಿರಂಗಿ ದಳದವರಿಗೆ ಕೊಟ್ಟದ್ದು. ಅದಕ್ಕೆ ಮರದ ಹಲಗೆಯೊಂದನ್ನು ಹಿಂದೆ ಸಿಕ್ಕಿಸಿ ಭುಜಕ್ಕಿಟ್ಟು ಹೊಡೆಯುತ್ತಿದ್ದರು, 32 ಗುಂಡಿನ ದುಂಡನೆಯ ಮ್ಯಾಗಜೀನ್ ಕೂಡ ಇತ್ತು. ಉದ್ದ ನಳಿಕೆ ಕಂಡ ಕೂಡಲೇ ಖುಷಿಪಡಬೇಡಿ. ಸಾಮಾನ್ಯ ಪಿಸ್ತೂಲಿಗೆ ಉದ್ದ ನಳಿಕೆ ಹಾಕಿ ಮಾರುವವರೂ ಇದ್ದಾರೆ. ನಳಿಕೆಯ ನಂಬರ್ ಉಳಿದದ್ದಕ್ಕೆ ಹೊಂದುತ್ತದಾ ಅನ್ನುವುದೇ ಪರೀಕ್ಷೆ.

ಮೇಲಿನಿಂದ ಓದಲು ಶುರು ಮಾಡಿ

ಒಳ್ಳೆಯ ಬೆಳಕು, ಒಂದು ಭೂತಗನ್ನಡಿ, ಮೆತ್ತನೆಯ ಬಟ್ಟೆ. ಇಷ್ಟು ಸಾಕು. ಪಿಸ್ತೂಲನ್ನು ಬಟ್ಟೆಯ ಮೇಲಿಟ್ಟು ಮೇಲಿನಿಂದ ನೋಡಿ. ಮಡಚುವ ಕೀಲಿನ ಮೇಲೆ ತಯಾರಕರ ಗುರುತು. ನಳಿಕೆಯ ಬುಡದ ಮೇಲೆ ಇಸವಿ.

ಬಳ್ಳಿಯಂತೆ ಹೆಣೆದ ಡಿಡಬ್ಲ್ಯೂಎಂ ಅಕ್ಷರಗಳಿದ್ದರೆ ಬರ್ಲಿನ್ನಿನ ಕಂಪನಿಯದು. ಕಿರೀಟ ಮತ್ತು ಎರ್ಫರ್ಟ್ ಎಂಬ ಪದ ಇದ್ದರೆ ಸರ್ಕಾರಿ ಕಾರ್ಖಾನೆಯದು. ಎರ್ಫರ್ಟ್‌ನವರು ಸಣ್ಣಪುಟ್ಟ ತುಂಡುಗಳಿಗೂ ಪರಿಶೀಲನೆಯ ಮುದ್ರೆ ಒತ್ತಿದ್ದಾರೆ, ಅದನ್ನು ನೋಡುವುದೇ ಒಂದು ಸಂತೋಷ. ಈ ಎರಡೂ ಹೆಚ್ಚಾಗಿ ಮೊದಲ ಮಹಾಯುದ್ಧದ ಕಾಲದವು, ಇಸವಿ ಸಾಮಾನ್ಯವಾಗಿ 1910ರಿಂದ 1918ರ ಒಳಗಿರುತ್ತದೆ. ಕೆಲವದರಲ್ಲಿ 1917ರ ಜೊತೆಗೆ 1920 ಎಂಬ ಎರಡನೆಯ ಇಸವಿ ಇರುತ್ತದೆ. ಅದು ತಯಾರಾದ ವರ್ಷ ಅಲ್ಲ. ಯುದ್ಧ ಸೋತ ಮೇಲೆ, ಇದು ಸರ್ಕಾರದ ಆಸ್ತಿ ಎಂದು ಗುರುತಿಸಲು ಒತ್ತಿದ ಮುದ್ರೆ.

ಸೂಲ್ ಊರಿನ ಸಿಮ್ಸನ್ ಕಂಪನಿಯ ಹೆಸರಿದ್ದರೆ ಜೋಪಾನ, ಅದು ಅಪರೂಪ. ಮೊದಲ ಮಹಾಯುದ್ಧ ಮುಗಿದ ಮೇಲೆ ಆದ ವರ್ಸೇಲ್ಸ್ ಒಪ್ಪಂದದ ನಂತರ ಜರ್ಮನ್ ಸೈನ್ಯಕ್ಕೆ ಪಿಸ್ತೂಲು ಒದಗಿಸಲು ಅನುಮತಿ ಇದ್ದದ್ದು ಅವರಿಗೆ. ಅದು ಯಹೂದಿ ಕುಟುಂಬದ ಕಂಪನಿ. ನಾಜಿಗಳು ಬಂದ ಮೇಲೆ ಅದನ್ನು ಕಿತ್ತುಕೊಂಡರು, ಕುಟುಂಬ ದೇಶ ಬಿಡಬೇಕಾಯಿತು. ಸಿಮ್ಸನ್ ಲ್ಯೂಗರ್ ಕೈಗೆ ಬಂದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

1930ರಲ್ಲಿ ಡಿಡಬ್ಲ್ಯೂಎಂನ ಯಂತ್ರಗಳೆಲ್ಲ ಒಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಗೆ ಹೋದವು. ಜರ್ಮನಿ ಆಗ ಗುಟ್ಟಾಗಿ ಶಸ್ತ್ರ ಕೂಡಿಡುತ್ತಿತ್ತಲ್ಲ, ಹೀಗಾಗಿ ತಯಾರಕರ ಹೆಸರಿನ ಜಾಗದಲ್ಲಿ ‘ಎಸ್/42’ ಎಂಬ ಸಂಕೇತ ಬಂತು, ಇಸವಿಯ ಜಾಗದಲ್ಲಿ ಅಕ್ಷರ ಬಂತು. ‘ಕೆ’ ಅಂದರೆ 1934, ‘ಜಿ’ ಅಂದರೆ 1935. ಮುಂದಿನ ವರ್ಷದಿಂದ ಪೂರ್ತಿ ಇಸವಿಯನ್ನೇ ಹಾಕಿದರು. ಆಮೇಲೆ ಬರೀ ‘42’. ಕೊನೆಗೆ ‘ಬಿವೈಎಫ್’ ಎಂಬ ಮೂರು ಸಣ್ಣಕ್ಷರ, ಇಸವಿಯಲ್ಲಿ ಕೊನೆಯ ಎರಡೇ ಅಂಕಿ, 41 ಅಥವಾ 42. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಕೀಲಿನ ಮೇಲಿನ 42 ಮೌಸರ್‌ನ ಸಂಕೇತ, ನಳಿಕೆಯ ಬುಡದ 42 ಇಸವಿ. ಒಂದನ್ನು ಇನ್ನೊಂದು ಅಂದುಕೊಂಡರೆ ಎಲ್ಲ ತಲೆಕೆಳಗಾಗುತ್ತದೆ. ಮೌಸರ್ 1942ರಲ್ಲಿ ಲ್ಯೂಗರ್ ನಿಲ್ಲಿಸಿ ಪಿ38 ಕಡೆ ಹೊರಳಿತು.

ಕ್ರೀಗ್‌ಹಾಫ್ ಅನ್ನುವ ಹೆಸರು ಕಂಡರೆ ಕೂತು ಉಸಿರು ತೆಗೆದುಕೊಳ್ಳಿ. ವಾಯುಪಡೆಗಾಗಿ ಸುಮಾರು ಹತ್ತು ಸಾವಿರ ಮಾತ್ರ ಮಾಡಿದ್ದು. ಅದಕ್ಕೇ ನಕಲೂ ಜಾಸ್ತಿ. ಪರಿಣತರಿಗೆ ತೋರಿಸದೆ ಒಂದು ಮಾತೂ ಆಡಬೇಡಿ.

ನಂಬರ್ ಹೊಂದುತ್ತದಾ?

ಬೆಲೆಯ ಬಹುಪಾಲು ಇಲ್ಲಿದೆ. ಹಾಗಾಗಿ ಇಲ್ಲಿ ಆತುರ ಬೇಡ.

ಪೂರ್ತಿ ಸೀರಿಯಲ್ ನಂಬರ್ ಚೌಕಟ್ಟಿನ ಮುಂಭಾಗ, ನಳಿಕೆಯ ಅಡಿಭಾಗ, ಮೇಲಿನ ಭಾಗದ ಎಡಪಕ್ಕ, ಈ ಮೂರು ಕಡೆ ಇರುತ್ತದೆ. ಹೆಚ್ಚೆಂದರೆ ನಾಲ್ಕು ಅಂಕಿ, ಅದರ ಕೆಳಗೆ ಸಾಮಾನ್ಯವಾಗಿ ಒಂದು ಬಾಗಿದ ಸಣ್ಣಕ್ಷರ. ಆ ಅಕ್ಷರವನ್ನು ಬಿಟ್ಟು ಬರೆದುಕೊಂಡರೆ ಅರ್ಧ ನಂಬರ್ ಬರೆದ ಹಾಗೆ. ಯಾಕೆಂದರೆ ಸೈನ್ಯದ ಲ್ಯೂಗರ್‌ಗಳಿಗೆ ಪ್ರತಿ ವರ್ಷ ಒಂದರಿಂದ ಎಣಿಕೆ ಶುರು, ಹತ್ತು ಸಾವಿರ ಮುಗಿದರೆ ‘ಎ’, ಮತ್ತೆ ಹತ್ತು ಸಾವಿರ ಮುಗಿದರೆ ‘ಬಿ’, ಹೀಗೆ. ಒಂದೇ ನಾಲ್ಕು ಅಂಕಿಯ ಎಷ್ಟೋ ಪಿಸ್ತೂಲುಗಳು ಇವೆ. ತಯಾರಕರು, ಇಸವಿ, ಅಂಕಿ, ಅಕ್ಷರ, ಈ ನಾಲ್ಕೂ ಸೇರಿದರೆ ಮಾತ್ರ ಅದು ಯಾವ ಪಿಸ್ತೂಲು ಅಂತ ಹೇಳಬಹುದು.

ಆಮೇಲೆ ಸಣ್ಣ ಭಾಗಗಳು. ಇವುಗಳ ಮೇಲೆ ಕೊನೆಯ ಎರಡು ಅಂಕಿ ಮಾತ್ರ ಇರುತ್ತದೆ. ಕೀಲಿನ ತುಂಡುಗಳು, ಪಕ್ಕದ ತಟ್ಟೆ, ಬಿಚ್ಚುವ ಸನ್ನೆ (ಲಿವರ್), ಟ್ರಿಗರ್, ಗುಂಡು ಹಾರದಂತೆ ತಡೆಯುವ ಸೇಫ್ಟಿಯ ಪಟ್ಟಿ, ಹೀಗೆ ಒಂದೊಂದಾಗಿ ನೋಡಿ ಪಟ್ಟಿ ಮಾಡಿ. ಕೆಲವು ನಂಬರ್ ಒಳಗಡೆ ಇರುತ್ತವೆ, ಬಿಚ್ಚಬೇಕಾಗುತ್ತದೆ. ಬಿಚ್ಚುವುದು ಕಷ್ಟವೇನಲ್ಲ: ನಳಿಕೆಯನ್ನು ಸ್ವಲ್ಪ ಹಿಂದಕ್ಕೆ ಒತ್ತಿ ಹಿಡಿದು ಎಡಗಡೆಯ ಸನ್ನೆಯನ್ನು ಕೆಳಗೆ ತಿರುಗಿಸಿದರೆ ಪಕ್ಕದ ತಟ್ಟೆ ಕೈಗೆ ಬರುತ್ತದೆ, ಮೇಲಿನ ಭಾಗ ಮುಂದಕ್ಕೆ ಜಾರುತ್ತದೆ. ಅಷ್ಟಕ್ಕೇ ನಿಲ್ಲಿಸಿ. ಮರದ ಹಿಡಿಗಳ ಸ್ಕ್ರೂ ಬಿಚ್ಚಲು ಹೋಗಬೇಡಿ, ಅದಕ್ಕೆ ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಬೇಕು. ಎಡ ಹಿಡಿಯ ಮೇಲ್ಮೂಲೆ, ಸೇಫ್ಟಿಯ ಪಕ್ಕದಲ್ಲಿ, ಬೇಗ ಚಕ್ಕೆ ಏಳುತ್ತದೆ. ನಾನು ಕಲಿಯುವ ಕಾಲದಲ್ಲಿ ಒಂದನ್ನು ಹಾಗೆ ಹಾಳು ಮಾಡಿದ್ದೇನೆ, ಇವತ್ತಿಗೂ ಬೇಸರ ಇದೆ.

ಎಲ್ಲ ನಂಬರೂ ಹೊಂದಿದರೆ ಸಂಗ್ರಹಕಾರರು ಬೆಲೆ ಕೊಡುತ್ತಾರೆ. ಒಂದೆರಡು ಸಣ್ಣ ಭಾಗ ಬೇರೆಯಾದರೂ ಬೆಲೆ ಇಳಿಯುತ್ತದೆ. ನಳಿಕೆ ಅಥವಾ ಮೇಲ್ಭಾಗ ಬೇರೆ ಪಿಸ್ತೂಲಿನದಾದರೆ ಅದು ಬರೀ ಗುರಿ ಅಭ್ಯಾಸಕ್ಕೆ ಕೊಳ್ಳುವವರ ವಸ್ತು.

ಮ್ಯಾಗಜೀನ್ ಮರೆಯಬೇಡಿ. ಒಂದು ಪಿಸ್ತೂಲಿಗೆ ಎರಡು ಕೊಡುತ್ತಿದ್ದರು, ತಳದಲ್ಲಿ ಪಿಸ್ತೂಲಿನದೇ ನಂಬರ್, ಎರಡನೆಯದಕ್ಕೆ ಜೊತೆಗೆ ಒಂದು ಕೂಡುವ ಚಿಹ್ನೆ. ಮೊದಲ ಯುದ್ಧದ್ದಕ್ಕೆ ಮರದ ತಳ, ಮೂವತ್ತರ ದಶಕದಲ್ಲಿ ಅಲ್ಯುಮಿನಿಯಂ, ಕೊನೆಕೊನೆಗೆ ಕಪ್ಪು ಪ್ಲಾಸ್ಟಿಕ್. 1914ರ ಪಿಸ್ತೂಲಿಗೆ ಪ್ಲಾಸ್ಟಿಕ್ ತಳದ ಮ್ಯಾಗಜೀನ್ ಇದ್ದರೆ ಅದು ಆಮೇಲೆ ಬಂದು ಸೇರಿದ್ದು ಅಂತ ಲೆಕ್ಕ. ನಂಬರ್ ಹೊಂದುವ ಎರಡೂ ಮ್ಯಾಗಜೀನ್ ಉಳಿದಿರುವುದು ಬಹಳ ಅಪರೂಪ.

ಬಣ್ಣ ಮತ್ತು ಮುದ್ರೆ

ಉಕ್ಕಿಗೆ ಹಾಕಿದ ಕಡುನೀಲಿ ಬಣ್ಣ ಮೊದಲಿನದೇನಾ, ಆಮೇಲೆ ಹಾಕಿದ್ದಾ? ಹಳೆಯ ಲ್ಯೂಗರ್‌ಗಳಲ್ಲಿ ಟ್ರಿಗರ್, ಸೇಫ್ಟಿ ಮುಂತಾದ ಸಣ್ಣ ಭಾಗಗಳು ಒಣಹುಲ್ಲಿನ ಹಳದಿ ಬಣ್ಣದಲ್ಲಿರುತ್ತವೆ. 1937ರ ಹೊತ್ತಿಗೆ ಮೌಸರ್ ಬಣ್ಣ ಹಾಕುವ ವಿಧಾನ ಬದಲಾಯಿಸಿತು, ಆಮೇಲಿನವು ಎಲ್ಲ ಕಪ್ಪುನೀಲಿ. ಹಾಗಾಗಿ 1916ರ ಪಿಸ್ತೂಲಿನ ಟ್ರಿಗರ್ ಕಪ್ಪುನೀಲಿ ಇದ್ದರೆ ಯಾರೋ ಮರುಬಣ್ಣ ಹಾಕಿಸಿದ್ದಾರೆ. ಅಕ್ಷರಗಳ ಅಂಚು ಕರಗಿದಂತೆ ಕಾಣುವುದು, ಮೂಲೆಗಳು ದುಂಡಗಾಗಿರುವುದು, ಹೊಂಡ ಬಿದ್ದ ತುಕ್ಕಿನ ಗುರುತಿನೊಳಗೂ ಹೊಳೆಯುವ ಬಣ್ಣ ಇರುವುದು, ಇವೂ ಅದನ್ನೇ ಹೇಳುತ್ತವೆ. ಉಜ್ಜಿ ಹೊಳೆಯುವಂತೆ ಮಾಡಿದ ಪಿಸ್ತೂಲಿಗಿಂತ ಸವೆದು ಬೂದು ಬಣ್ಣಕ್ಕೆ ತಿರುಗಿದ ಪಿಸ್ತೂಲಿಗೆ ಜಾಸ್ತಿ ಬೆಲೆ. ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ಆದರೆ ಸವೆತ ನಡೆದದ್ದನ್ನು ಹೇಳುತ್ತದೆ, ಪಾಲಿಶ್ ಅದನ್ನು ಅಳಿಸುತ್ತದೆ.

ಬಲಪಕ್ಕದಲ್ಲಿ ಕಿರೀಟದ ಕೆಳಗೆ ಅಕ್ಷರಗಳಿದ್ದರೆ ಕೈಸರ್, ಅಂದರೆ ಜರ್ಮನ್ ಚಕ್ರವರ್ತಿಯ ಕಾಲದ ಸೈನ್ಯದ ತಪಾಸಣೆ. ಹದ್ದಿನ ಕೆಳಗೆ 63, 655, 135 ಥರದ ಸಂಖ್ಯೆ ಇದ್ದರೆ ಮೌಸರ್ ಕಾಲದ ಸೈನ್ಯದ ತಪಾಸಣೆ. ಕಿರೀಟದ ಕೆಳಗೆ ‘ಎನ್’ ಇದ್ದರೆ ಸಾರ್ವಜನಿಕರಿಗೆ ಮಾರಿದ್ದು. ಹಿಡಿಯ ಮುಂಭಾಗದ ಪಟ್ಟಿಯ ಮೇಲೆ ಅಕ್ಷರ, ಅಂಕಿಗಳ ಸಾಲು ಇದ್ದರೆ ಅದು ದಳದ ಗುರುತು, ಯಾವ ರೆಜಿಮೆಂಟಿನ ಎಷ್ಟನೆಯ ಆಯುಧ ಅಂತ. ಎರಡನೆಯ ಯುದ್ಧದ ನಂತರ ರಷ್ಯನ್ನರು ತಾವು ವಶಪಡಿಸಿಕೊಂಡವನ್ನು ಬಿಚ್ಚಿ, ಭಾಗಗಳನ್ನು ಕಲಸಿ ಜೋಡಿಸಿ, ಮತ್ತೆ ಬಣ್ಣ ಹಾಕಿದರು. ಅವುಗಳಲ್ಲಿ ಕೆಲವಕ್ಕೆ ‘ಎಕ್ಸ್’ ಗುರುತು ಇರುತ್ತದೆ, ಬೆಲೆ ಕಡಿಮೆ.

ತಲೆಬುರುಡೆ, ನಾಜಿಗಳ ಪಡೆಯಾದ ಎಸ್‌ಎಸ್‌ನ ಮಿಂಚಿನಂಥ ಗುರುತು, ಯಾವುದೋ ದೊಡ್ಡ ನಾಜಿ ಅಧಿಕಾರಿಯ ಹೆಸರು ಕೆತ್ತಿದ್ದರೆ ಮೊದಲು ಸಂಶಯಪಡಿ. ಹೆಚ್ಚುಕಮ್ಮಿ ಎಲ್ಲವೂ ಆಮೇಲೆ ಯಾರೋ ದುಡ್ಡಿಗಾಗಿ ಕೆತ್ತಿದ್ದು. ‘ಬ್ಲ್ಯಾಕ್ ವಿಡೋ’ ಎಂಬ ಹೆಸರೂ ಹಾಗೆಯೇ. ಕಪ್ಪು ಪ್ಲಾಸ್ಟಿಕ್ ಹಿಡಿಯ ಬಿವೈಎಫ್ ಪಿಸ್ತೂಲಿಗೆ ವ್ಯಾಪಾರಿಗಳು ಆಮೇಲೆ ಇಟ್ಟ ಹೆಸರು ಅದು, ಜರ್ಮನ್ ಸೈನ್ಯಕ್ಕೆ ಗೊತ್ತೇ ಇರಲಿಲ್ಲ.

ಹೋಲ್ಸ್ಟರ್

ಅಂಗಡಿಯವರು ಬೇಡ ಅಂದದ್ದು ಇದನ್ನೇ ಅಲ್ವಾ? ಒಳ್ಳೆಯ ಅಸಲಿ ಹೋಲ್ಸ್ಟರ್ ಒಂದಕ್ಕೇ ಇಲ್ಲಿನ ಪ್ರದರ್ಶನಗಳಲ್ಲಿ 200ರಿಂದ 500 ಡಾಲರ್ ಕೊಟ್ಟು ಒಯ್ಯುವವರನ್ನು ನೋಡಿದ್ದೇನೆ.

ಪಿ08ರ ಹೋಲ್ಸ್ಟರ್ ಗಟ್ಟಿ ಚರ್ಮದ್ದು, ಪೂರ್ತಿ ಮುಚ್ಚುವ ಮುಚ್ಚಳ, ಪಟ್ಟಿ ಮತ್ತು ಬಕಲ್. ಮುಂದಿನ ಅಂಚಿನಲ್ಲಿ ಎರಡನೆಯ ಮ್ಯಾಗಜೀನಿಗೆ ಜೇಬು. ಮುಚ್ಚಳದ ಒಳಗೆ ಒಂದು ಪುಟ್ಟ ಜೇಬು, ಅದರಲ್ಲಿ ಸ್ಕ್ರೂಡ್ರೈವರ್ ತುದಿಯ ಚಪ್ಪಟೆ ಸಾಧನ. ಎಷ್ಟೋ ಮನೆಗಳಲ್ಲಿ ಆ ಜೇಬನ್ನು ಯಾರೂ ತೆರೆದೇ ನೋಡಿರುವುದಿಲ್ಲ, ಸುಮ್ನೆ ಒಮ್ಮೆ ಬೆರಳು ಹಾಕಿ ನೋಡಿ. ಹಿಂಭಾಗದಲ್ಲಿ ಬೆಲ್ಟಿಗೆ ಎರಡು ಕುಣಿಕೆ. ಮುದ್ರೆ ಸಾಮಾನ್ಯವಾಗಿ ಹಿಂಭಾಗದಲ್ಲೇ ಇರುತ್ತದೆ: ಚರ್ಮದ ಕೆಲಸದವರ ಹೆಸರು, ಊರು, ಇಸವಿ. ಎರಡನೆಯ ಯುದ್ಧ ಮುಂದುವರಿದಂತೆ ಹೆಸರು ಹೋಗಿ ಮೂರಕ್ಷರದ ಸಂಕೇತ ಬಂತು, ಜೊತೆಗೆ ಹದ್ದಿನ ಮುದ್ರೆ ಮತ್ತು ‘ಪಿ.08’ ಎಂಬ ಬರಹ. ‘ಪಿ.38’ ಅಂತಿದ್ದರೆ ಅದು ಬೇರೆ ಪಿಸ್ತೂಲಿನದು. ಮೊದಲ ಯುದ್ಧದವು ಸಾಮಾನ್ಯವಾಗಿ ಕಂದು, ಎರಡನೆಯದವು ಹೆಚ್ಚಾಗಿ ಕಪ್ಪು. ಕಂದನ್ನೇ ಕಪ್ಪು ಮಾಡಿ ಮತ್ತೆ ಬಳಸಿದ್ದೂ ಇದೆ, ಅದು ನಕಲಲ್ಲ.

ನಕಲು ಕಂಡುಹಿಡಿಯಲು ಅತಿನೇರಳೆ ಟಾರ್ಚ್ ಒಂದು ಕೊಳ್ಳಿ. ಕತ್ತಲಲ್ಲಿ ಹೊಲಿಗೆಯ ಮೇಲೆ ಬೆಳಕು ಬಿಡಿ. ಈಚಿನ ದಾರ ಅನೇಕ ಸಲ ಹೊಳೆಯುತ್ತದೆ, ಆ ಕಾಲದ ಲಿನನ್ ದಾರ ಹೊಳೆಯುವುದಿಲ್ಲ. ಹೊಲಿಗೆ ಹೊಳೆದರೆ ನಕಲು, ಅಥವಾ ಆಮೇಲೆ ರಿಪೇರಿ ಮಾಡಿದ್ದು. ಒಳಗೆ ಪಿಸ್ತೂಲು ವರ್ಷಗಟ್ಟಲೆ ಕೂತ ಅಚ್ಚು ಇರಬೇಕು. ಮೇಲೆ ಸವೆದು ಒಳಗೆ ಹೊಸದಾಗಿದ್ದರೆ ಏನೋ ಸರಿ ಇಲ್ಲ.

ಚರ್ಮಕ್ಕೆ ಎಣ್ಣೆ, ಪಾಲಿಶ್ ಏನೂ ಹಚ್ಚಬೇಡಿ. ಎಣ್ಣೆ ಕುಡಿದ ಚರ್ಮ ಮೆತ್ತಗಾಗಿ ಆಕಾರ ಬಿಡುತ್ತದೆ. ಪಿಸ್ತೂಲನ್ನು ಹೋಲ್ಸ್ಟರ್ ಒಳಗೇ ಇಡಲೂಬೇಡಿ, ಹದ ಮಾಡಿದ ಚರ್ಮದ ಆಮ್ಲ ಮತ್ತು ತೇವ ಉಕ್ಕಿಗೆ ತುಕ್ಕು ಹಿಡಿಸುತ್ತವೆ. ಒಂದೇ ಪೆಟ್ಟಿಗೆಯಲ್ಲಿ ಬೇರೆ ಬೇರೆ ಸುತ್ತಿ ಇಡಿ. ಪಿಸ್ತೂಲಿಗೆ ತೆಳುವಾಗಿ ಬಂದೂಕಿನ ಎಣ್ಣೆ, ಹೋಲ್ಸ್ಟರ್ ಒಳಗೆ ಆಮ್ಲವಿಲ್ಲದ ಕಾಗದದ ಉಂಡೆ.

ಬೆಲೆ

ಕೇಳುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಹರಾಜು ಸಂಸ್ಥೆಗಳು ಹಳೆಯ ಹರಾಜಿನ ಫಲಿತಾಂಶ ಹಾಕಿರುತ್ತವೆ. ನಿಮ್ಮದೇ ತಯಾರಕರು, ನಿಮ್ಮದೇ ಇಸವಿ, ಹೆಚ್ಚುಕಮ್ಮಿ ನಿಮ್ಮದೇ ಸ್ಥಿತಿಯ ನಾಲ್ಕೈದು ಪಿಸ್ತೂಲು ಹುಡುಕಿ ಹೋಲಿಸಿ. ಕೊಳ್ಳುವವರ ಮೇಲೆ ಹಾಕುವ ಕಮಿಷನ್ ಆ ಬೆಲೆಯಲ್ಲಿ ಸೇರಿದೆಯಾ ಅಂತ ನೋಡಿಕೊಳ್ಳಿ, ಅದು ಮಾರುವವರ ಕೈಗೆ ಬರುವುದಿಲ್ಲ.

ಈಚಿನ ವರ್ಷಗಳಲ್ಲಿ ನಾನು ಅಮೆರಿಕದಲ್ಲಿ ಕಂಡ ಅಂದಾಜು ಹೇಳುತ್ತೇನೆ. ನಂಬರ್ ಹೊಂದದ, ಮರುಬಣ್ಣ ಹಾಕಿದ ಲ್ಯೂಗರ್ ಸಾವಿರ ಡಾಲರ್ ಸುತ್ತಮುತ್ತ. ಎಲ್ಲ ನಂಬರ್ ಹೊಂದಿ ಮೊದಲಿನ ಬಣ್ಣವೇ ಇರುವ ಸಾಮಾನ್ಯ ಡಿಡಬ್ಲ್ಯೂಎಂ ಅಥವಾ ಬಿವೈಎಫ್ 1,800ರಿಂದ 3,000. ಸರಿಯಾದ ಫಿರಂಗಿ ದಳದ್ದು ಅದಕ್ಕಿಂತ ಮೇಲೆ. ನಂಬರ್ ಹೊಂದುವ ಮ್ಯಾಗಜೀನ್ ಇದ್ದರೆ ಇನ್ನೂ ಕೆಲವು ನೂರು ಸೇರುತ್ತದೆ.

ಕಾಗದದ ಬಗ್ಗೆ ಬಿಡಿಸಿ ಹೇಳಬೇಕು. ಅಮೆರಿಕದ ಸೈನಿಕರು ವಶಪಡಿಸಿಕೊಂಡ ಆಯುಧವನ್ನು ಮನೆಗೆ ತರುವಾಗ ಮೇಲಧಿಕಾರಿಯ ಸಹಿ ಇರುವ ಪತ್ರ ಕೊಡುತ್ತಿದ್ದರು. ಸೈನಿಕನ ಹೆಸರು, ಪಿಸ್ತೂಲಿನ ವಿವರ, ಕೆಲವದರಲ್ಲಿ ನಂಬರ್. ಪಿಸ್ತೂಲಿನ ಜೊತೆ ಆ ಪತ್ರ ಉಳಿದಿದ್ದರೆ ಬೆಲೆ ಚೆನ್ನಾಗಿ ಏರುತ್ತದೆ. ‘ಇದನ್ನು ಜರ್ಮನ್ ಅಧಿಕಾರಿಯ ಕೈಯಿಂದ ಕಿತ್ತುಕೊಂಡದ್ದು’ ಎಂಬ ಬಾಯಿಮಾತಿನ ಕಥೆಗೆ ಯಾರೂ ದುಡ್ಡು ಕೊಡುವುದಿಲ್ಲ. ಹಳೆಯ ಪತ್ರಗಳ ಕಟ್ಟು, ಸಮವಸ್ತ್ರದ ಜೇಬು, ಬೈಬಲ್ಲಿನ ಪುಟಗಳ ನಡುವೆ, ಎಲ್ಲ ಕಡೆ ಹುಡುಕಿ.

ಕಾನೂನು

ನಾವು ‘ಪುರಾತನ’ ಅಂದರೂ ಕಾನೂನು ಹಾಗೆ ಅನ್ನುವುದಿಲ್ಲ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಪುರಾತನ ಬಂದೂಕು ಅಂದರೆ 1898 ಅಥವಾ ಅದಕ್ಕೂ ಮೊದಲು ಮಾಡಿದ್ದು. ಯಾವ ಪಿ08ಕ್ಕೂ ಅದು ಅನ್ವಯಿಸುವುದಿಲ್ಲ. ಐವತ್ತು ವರ್ಷ ದಾಟಿದ್ದರಿಂದ ಸಂಗ್ರಹಯೋಗ್ಯ ವರ್ಗಕ್ಕೆ ಸೇರುತ್ತದೆ ಅಷ್ಟೇ. ಮಾರುವಾಗ, ಕೊಡುವಾಗ ನಿಮ್ಮ ರಾಜ್ಯದ ನಿಯಮ ನೋಡಿ.

ಭಾರತದಲ್ಲಿ ಇನ್ನೂ ಬಿಗಿ. 9 ಮಿ.ಮೀ. ಪಿಸ್ತೂಲು ನಿಷೇಧಿತ ಬೋರ್‌ನ (ನಳಿಕೆಯ ಒಳಗಿನ ಅಳತೆಯ) ಆಯುಧ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ, ರಿಪೇರಿ ಮಾಡಿದರೂ ಹಾರದಂಥ ಹಳೆಯ ಆಯುಧಗಳಿಗೆ ವಿನಾಯಿತಿ ಇದೆ, ಆದರೆ ಹಾರುವ ಲ್ಯೂಗರ್ ನೂರು ವರ್ಷದ್ದಾದರೂ ಅದರಡಿ ಬರುವುದಿಲ್ಲ. ಊರಿನ ಮನೆಯಲ್ಲಿ ಸೈನ್ಯದಲ್ಲಿದ್ದ ತಾತನ ಪೆಟ್ಟಿಗೆಯಲ್ಲಿ ಇಂಥದ್ದು ಸಿಕ್ಕಿದರೆ ಎತ್ತಿಕೊಂಡು ಓಡಾಡಬೇಡಿ, ಫೋಟೋ ಹಾಕಬೇಡಿ. ಮೊದಲು ವಕೀಲರ ಜೊತೆ ಮಾತಾಡಿ, ಆಮೇಲೆ ಪೊಲೀಸ್ ಠಾಣೆಗೆ ತಿಳಿಸಿ. ಅಮೆರಿಕದಿಂದ ಊರಿಗೆ ಒಯ್ಯುವ ಯೋಚನೆಯೂ ಬೇಡ.

ಅಜ್ಜಿಯ ಪಿಸ್ತೂಲು

ಅದು ಬಿವೈಎಫ್ 41. ಒಂದು ಭಾನುವಾರ ಅವರ ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ ಕೂತೆವು. ನಾನು ನಂಬರ್ ಓದುತ್ತಾ ಹೋದೆ, ಅವರು ಪುಸ್ತಕದಲ್ಲಿ ಬರೆಯುತ್ತಾ ಹೋದರು. ಹೊರಗಿನದು, ಒಳಗಿನದು, ಎಲ್ಲ ಹೊಂದಿತು. ಪಿಸ್ತೂಲಿನೊಳಗಿದ್ದ ಮ್ಯಾಗಜೀನ್ ಬೇರೆಯದು, ಆದರೆ ಹೋಲ್ಸ್ಟರಿನ ಜೇಬಿನಲ್ಲಿದ್ದದ್ದು ಇದರದೇ, ಕೂಡುವ ಚಿಹ್ನೆಯ ಸಮೇತ. ಆ ಜೇಬನ್ನು ಅಂಗಡಿಯಲ್ಲಿ ಯಾರೂ ತೆರೆದಿರಲಿಲ್ಲ. ಹೋಲ್ಸ್ಟರ್ ಮೇಲೂ 1941 ಇತ್ತು.

ಎರಡು ವಾರ ಬಿಟ್ಟು ಅಜ್ಜಿ ಬೆಳಗ್ಗೆಯೇ ಬಾಗಿಲು ತಟ್ಟಿದರು. ಕೈಯಲ್ಲಿ ಬಿಸ್ಕತ್ತಿನ ಡಬ್ಬ. ಒಳಗೆ ಮಾವ ಮನೆಗೆ ಬರೆದ ಪತ್ರಗಳು, ಅವುಗಳ ನಡುವೆ ನಾಲ್ಕಾಗಿ ಮಡಚಿದ ಒಂದು ಹಾಳೆ. ಅವರ ಪುಸ್ತಕವನ್ನು ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಹೋಲಿಸಿದೆವು. ನಾಲ್ಕೂ ಅಂಕಿ ಸರಿ. ಕೊನೆಯಲ್ಲಿ ಶಾಯಿ ಮಾಸಿದ ಆ ಸಣ್ಣಕ್ಷರವೂ ಸರಿ. ಅವರು ಮಾರಲಿಲ್ಲ. ಮೊಮ್ಮಗನಿಗೆ ಅಂತ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಪಿಸ್ತೂಲು ಒಂದು ಬಟ್ಟೆಯಲ್ಲಿ, ಹೋಲ್ಸ್ಟರ್ ಇನ್ನೊಂದರಲ್ಲಿ, ಮೇಲೆ ಆ ಹಾಳೆ.